ಹೆಸರಿಲ್ಲದ ಮೂವತ್ತೆಂಟು ಕೆಲಸಗಳು

ನಮ್ಮ ಊರಿನಿಂದ ಹೊರಡುವ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುವ ಮೊದಲು ಒಂದು ಮಾತು ಕೇಳುತ್ತಾನೆ: "ಹೆಸರು ತೆರವಾಗಿದ್ಯಾ?" ತೆರವಾಗಿದ್ದವರು ತಲೆಯಾಡಿಸಿ ಟಿಕೆಟ್ ತೆಗೆದುಕೊಳ್ಳುತ್ತಾರೆ. ಆಗದೆ ಇದ್ದವರು ಬಸ್ ನಿಲ್ದಾಣಕ್ಕೇ ಬರುವುದಿಲ್ಲ. ಕಾಮಗಾರಿ ಕಚೇರಿಯ ಪುಸ್ತಕದಲ್ಲಿ ಯಾವುದಾದರೊಂದು ಕೆಲಸದ ಮುಂದೆ ಯಾರ ಹೆಸರಿದೆಯೋ ಅವರು ಆ ಕೆಲಸ ಮುಗಿಯುವವರೆಗೆ ನದಿಯ ಸೇತುವೆ ದಾಟುವುದಿಲ್ಲ. ದಾಟಬಾರದು ಅಂತಲ್ಲ, ದಾಟುವುದಿಲ್ಲ. ಬಸ್ಸು ದಾಟುತ್ತದೆ, ಅವರ ಚೀಲ ದಾಟುತ್ತದೆ, ಪಕ್ಕದಲ್ಲಿ ಕೂತವರೂ ದಾಟುತ್ತಾರೆ. ಅವರು ಮಾತ್ರ ಈಚೆ ದಡದ ಬೇವಿನ ಮರದ ಕೆಳಗೆ ನಿಂತಿರುತ್ತಾರೆ. ಪಡುವಣ ಗುಡ್ಡದ ಕಾಲುದಾರಿ ಹಿಡಿದರೂ ಅಷ್ಟೇ, ಗುಡ್ಡ ಇಳಿದಾಗ ಅದೇ ಬೇವಿನ ಮರ.

ಇದಕ್ಕೆ ನಾವೆಲ್ಲ ಹೊಂದಿಕೊಂಡು ಎಷ್ಟೋ ತಲೆಮಾರಾಗಿದೆ. ಮದುವೆಯ ಮಾತುಕತೆಯಲ್ಲಿ ಗಂಡಿನ ಹೆಸರು ಎಲ್ಲೆಲ್ಲಿದೆ ಎಂದು ಮೊದಲೇ ಕೇಳಿಕೊಳ್ಳುತ್ತಾರೆ. ಮನೆ ಕಟ್ಟಿಸುವವರು ಎಲ್ಲಿಗೂ ಹೋಗಬೇಕಿಲ್ಲದ ಅಜ್ಜನ ಹೆಸರಿನಲ್ಲಿ ಕೆಲಸ ತೆರೆಸುತ್ತಾರೆ. ಒಬ್ಬ ಗಂಡ, ತವರಿಗೆ ಹೋಗುತ್ತೇನೆಂದು ಹಟ ಹಿಡಿದ ಹೆಂಡತಿಯ ಹೆಸರಿನಲ್ಲಿ ಹಿತ್ತಲ ಗೋಡೆ ಬರೆಸಲು ನನ್ನ ಹತ್ತಿರ ಬಂದಿದ್ದ. ಅವಳೇ ಬಂದು ಒಪ್ಪಿದೆ ಅನ್ನಲಿ, ಬರೆಯುತ್ತೇನೆ ಎಂದು ಹಿಂದಕ್ಕೆ ಕಳಿಸಿದ್ದೆ.

ನನ್ನ ಹೆಸರು ಪದ್ಮಾಕ್ಷಿ. ಆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಪುಸ್ತಕ ಬರೆದವಳು ನಾನು. ಒಂದು ಕೆಲಸ ತೆರೆಯಬೇಕೆಂದರೆ ಅದನ್ನು ವಹಿಸಿಕೊಳ್ಳುವವರ ಮನೆಗೆ ಹೋಗುತ್ತಿದ್ದೆ. ಜಗಲಿಯ ಮೇಲೆ ಕೂತು ಕೆಲಸದ ಹೆಸರು, ಜಾಗ, ಶುರುವಾಗುವ ದಿನ, ಯಾವುದಾದ ಮೇಲೆ ಯಾವುದು ಎಂಬುದನ್ನೆಲ್ಲ ಗಟ್ಟಿಯಾಗಿ ಓದಿ, "ಒಪ್ಪಿದೆಯಾ?" ಎಂದು ಕೇಳುತ್ತಿದ್ದೆ. ಅವರು "ಒಪ್ಪಿದೆ" ಅಂದ ಮೇಲೇ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದದ್ದು. ಹೀಗೆ ದಿನಕ್ಕೆ ಮೂರು ಕೆಲಸ ತೆರೆದರೆ ಹೆಚ್ಚು. ಪುಸ್ತಕ ನಿರ್ವಹಣೆಯೂ ಒಂದು ಕೆಲಸವೇ ಆದ್ದರಿಂದ ಅದರ ಮುಂದೆ ನನ್ನ ಹೆಸರಿತ್ತು. ಮೂವತ್ತೊಂದು ವರ್ಷದಲ್ಲಿ ನಾನು ಸೇತುವೆ ದಾಟಿರಲಿಲ್ಲ. ಮಗಳು ಸುಮಂಗಲಾ ನದಿಯಾಚೆಯ ಪಟ್ಟಣದಲ್ಲಿ ಹೊಲಿಗೆ ಶಾಲೆ ನಡೆಸುತ್ತಾಳೆ. ಅವಳೇ ಬಂದು ನನ್ನನ್ನು ನೋಡಿ ಹೋಗುತ್ತಿದ್ದಳು. ಆ ಚಳಿಗಾಲದ ಕೊನೆಯಲ್ಲಿ ನನಗೆ ನಿವೃತ್ತಿ ಇತ್ತು. ಮಗಳು ತನ್ನ ಮನೆಯ ಮೇಲೆ ನನಗೆಂದೇ ಒಂದು ಕೋಣೆ ಕಟ್ಟಿಸುತ್ತಿದ್ದಳು.

ಒಬ್ಬರ ಹೆಸರಿನಲ್ಲಿರುವ ಕೆಲಸವನ್ನು ಇನ್ನೊಬ್ಬರು ತೆಗೆದುಕೊಳ್ಳಲು ದಾರಿ ಇಲ್ಲದೆ ಇರಲಿಲ್ಲ. ಇಬ್ಬರೂ ಆ ಕೆಲಸದ ಜಾಗಕ್ಕೇ ಹೋಗಿ ನಿಲ್ಲಬೇಕು. ತೆಗೆದುಕೊಳ್ಳುವವರು, "ಇದು ನನಗಿರಲಿ" ಅನ್ನಬೇಕು. ಅಷ್ಟೇ. ಆದರೆ ತೆಗೆದುಕೋ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಹೊರೆಗೆ ಹೆಗಲು ಕೇಳಬಾರದು, ಕೊಟ್ಟರೆ ಬೇಡ ಅನ್ನಬಾರದು ಅಂತ ನಮ್ಮಲ್ಲಿ ಮಾತಿದೆ.

ದಾಕ್ಷಾಯಿಣಿ ನಮ್ಮ ಊರಿನ ಮೇಸ್ತ್ರಿ. ಮೋರಿ, ಮೆಟ್ಟಿಲು, ಕಲ್ಲುಗೋಡೆ, ಇವೆಲ್ಲ ಅವಳ ಕೈಯವು. ನಲವತ್ತಾರು ವರ್ಷದ ಗಟ್ಟಿ ಹೆಂಗಸು. ಕಲ್ಲನ್ನು ಎತ್ತುವ ಮೊದಲು ಅಂಗೈಯಿಂದ ಒಮ್ಮೆ ಸವರಿ ನೋಡುವುದು ಅವಳ ಅಭ್ಯಾಸ. ಅವಳ ಅಕ್ಕ ಚೆನ್ನಾಜಮ್ಮ ಇದ್ದದ್ದು ನದಿಯಾಚೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಹನ್ನೊಂದು ವರ್ಷದಿಂದ ಅಕ್ಕತಂಗಿಯರಿಗೆ ಮಾತಿರಲಿಲ್ಲ. ಅಕ್ಕನ ಮಗಳು ಉಮಾದೇವಿಯ ಮದುವೆಗೆ ಇವಳು ಹೋಗಿರಲಿಲ್ಲ. ಆಗ ಇವಳ ಹೆಸರಿನಲ್ಲಿ ಒಟ್ಟಿಗೆ ನಾಲ್ಕು ಕೆಲಸಗಳಿದ್ದವು. ಹೊರಗಿನವರಿಗೆ ನಮ್ಮ ಊರಿನ ಈ ಸಂಗತಿ ಅಷ್ಟಾಗಿ ನಂಬಿಕೆಯಾಗುವುದಿಲ್ಲ. "ಮನಸ್ಸಿದ್ದಿದ್ರೆ ಮುಗಿಸಿ ಬರ್ತಿದ್ದೆ, ನಿಂಗೆ ಮನಸ್ಸಿರ್ಲಿಲ್ಲ" ಎಂದು ಹೇಳಿಕಳಿಸಿದ ಅಕ್ಕ ಆಮೇಲೆ ಮಾತು ಬಿಟ್ಟಿದ್ದಳು.

ಮಳೆಗಾಲ ಮುಗಿದ ಹೊತ್ತಿಗೆ ಉಮಾದೇವಿಯ ಕಾಗದ ಬಂತು. ಅವ್ವನ ಹೊಟ್ಟೆಯಲ್ಲಿ ಗಡ್ಡೆ, ವೈದ್ಯರು ಕೈಚೆಲ್ಲಿದ್ದಾರೆ, ಚಿಕ್ಕವ್ವ ಬರಲ್ವಾ ಅಂತ ದಿನಾ ಕೇಳ್ತಾಳೆ. ಆ ದಿನದಿಂದ ದಾಕ್ಷಾಯಿಣಿ ಹೊಸ ಕೆಲಸ ಒಪ್ಪಲಿಲ್ಲ. ಹೆಸರಿನಲ್ಲಿದ್ದ ಆರು ಕೆಲಸಗಳನ್ನು ಬಿಸಿಲು ನೋಡದೆ ಹಬ್ಬ ನೋಡದೆ ಒಂದೊಂದಾಗಿ ಮುಗಿಸಿದಳು. ಕೊನೆಯದು ಸಂತೆಬೀದಿಯ ಮೋರಿ. ಒಂದು ಶುಕ್ರವಾರ ನಾನೇ ಹೋಗಿ, ನೀರು ಹರಿಸಿ ನೋಡಿ, ಅದನ್ನು ಪುಸ್ತಕದಲ್ಲಿ ಮುಗಿಸಿ ಬರೆದೆ. ಅವಳು ಎದುರಿನ ಹೋಟೆಲಿನಿಂದ ಎರಡು ಲೋಟ ಚಹಾ ತರಿಸಿದಳು.

"ಸೋಮವಾರದ ಮೊದಲನೇ ಬಸ್ಸು ಕಣಕ್ಕ," ಅಂದಳು. "ಹೋಗಿ ಅವಳ ಮುಂದೆ ಕೂತ್ಕೋತೀನಿ. ಎಷ್ಟು ಬೈತಾಳೋ ಬೈಲಿ. ಬೈಸ್ಕೊಳ್ಳೋಕೇ ಹೋಗ್ತಿರೋದು ನಾನು."

ಮರುದಿನ ಶನಿವಾರ. ನಮ್ಮ ಕಚೇರಿಗೆ ಆ ವರ್ಷ ಹೊಸ ಮುಖ್ಯಾಧಿಕಾರಿ ಬಂದಿದ್ದರು, ಶಶಾಂಕಮೂರ್ತಿ ಅಂತ. ಮುಖ್ಯಾಧಿಕಾರಿಗಳ ಹೆಸರು ಯಾವ ಕೆಲಸದ ಮುಂದೆಯೂ ಬರುವುದಿಲ್ಲ, ಅವರು ವಾರಕ್ಕೊಮ್ಮೆ ಸೇತುವೆ ದಾಟುತ್ತಾರೆ. ಊರಿನಲ್ಲಿ ಆಗಬೇಕಾದ ಕೆಲಸಗಳನ್ನೆಲ್ಲ ವಾರ್ಡುಗಳಿಂದ ತರಿಸಿ ಒಂದೇ ಸ್ಪ್ರೆಡ್‌ಶೀಟಿಗೆ ಹಾಕಿಸಿದ್ದರು. ಒಟ್ಟು ನಾನೂರ ಹನ್ನೆರಡು ಸಾಲು. ಇವಿಷ್ಟೂ ಸೋಮವಾರದೊಳಗೆ ತೆರೆದಿರಬೇಕು ಎಂದರು. ದಿನಕ್ಕೆ ಮೂರರಂತೆ ನಾಲ್ಕೂವರೆ ತಿಂಗಳು ಬೇಕು ಎಂದೆ. ಅವರು ನನ್ನ ಮೇಜಿನ ಕಂಪ್ಯೂಟರಿನಲ್ಲಿ ಒಂದು ಕಿಟಕಿ ತೆರೆದು, "ಇವನಿಗೆ ಹೇಳಿ, ಮಾಡ್ತಾನೆ" ಎಂದು ತೋರಿಸಿ ಹೋದರು. ಅದನ್ನು ಎಲ್ಲರೂ ಸಹಾಯಕ ಎನ್ನುತ್ತಿದ್ದರು. ನಾವು ಬರೆದುದಕ್ಕೆ ಬರವಣಿಗೆಯಲ್ಲೇ ಉತ್ತರ ಕೊಡುವ, ಹೇಳಿದ್ದನ್ನು ಮಾಡುವ ಯಂತ್ರಬುದ್ಧಿ.

ನನಗೆ ಅದು ಇಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದು ಸಮಾಧಾನಿ. ಮೊದಲು ಹಾಳೆಯನ್ನೆಲ್ಲ ಓದಿ, ಯಾವ ಕಾಲಂ ಕೆಲಸದ ಹೆಸರು, ಯಾವುದು ಜಾಗ, ಯಾವುದು ಜವಾಬ್ದಾರರ ಹೆಸರು ಎಂದು ತಾನೇ ಗುರುತಿಸಿ, ಸರಿಯೇ ಎಂದು ಕೇಳಿತು. ಎರಡು ಸಲ ಬಂದಿದ್ದ ಹೆಸರುಗಳನ್ನು ತೋರಿಸಿತು. ಪ್ರತಿ ಕೆಲಸಕ್ಕೂ ಒಂದು ಕಡತ, ಕಡತದೊಳಗೆ ಹಂತಗಳು, ಹಂತಗಳಿಗೆ ದಿನಾಂಕ, ಹೀಗೆ ಒಂದು ಮಾದರಿ ಮಾಡಿ ನನ್ನ ಮುಂದಿಟ್ಟಿತು. ನನ್ನ ಮೂವತ್ತೊಂದು ವರ್ಷದ ಬರವಣಿಗೆಯಲ್ಲೂ ಅಷ್ಟು ಚೊಕ್ಕಟ ಇರಲಿಲ್ಲ. ಹೆಸರಿದ್ದವರ ಒಪ್ಪಿಗೆಯನ್ನು ವಾರ್ಡಿನವರು ಮೊದಲೇ ಸಹಿ ಮಾಡಿಸಿ ತಂದಿದ್ದರು. ಹಾಗಾಗಿ ಮನೆಮನೆಗೆ ಹೋಗುವ ಅಗತ್ಯವಿರಲಿಲ್ಲ. ಆಮೇಲೆ ಅದು ಹೇಳಿತು, ಮುನ್ನೂರ ಎಪ್ಪತ್ತನಾಲ್ಕನೆಯ ಸಾಲಿನ ಸಂತೆಬೀದಿಯ ಮೋರಿ ನಿನ್ನೆ ಮುಗಿದಿದೆ ಎಂದು ಪುಸ್ತಕದಲ್ಲಿದೆ, ಇದನ್ನು ಬಿಡಲೇ? ಹಳೆಯ ಪಟ್ಟಿಯಲ್ಲಿ ದಾಕ್ಷಾಯಿಣಿಯ ಹೆಸರು ಹಾಗೇ ಉಳಿದಿತ್ತು. ಸದ್ಯ, ನೋಡಿತಲ್ಲ ಅನ್ನಿಸಿತು. ಬಿಡು ಎಂದು ಬರೆದೆ.

ಅಷ್ಟರಲ್ಲಿ ಸುಮಂಗಲಾ ಫೋನ್ ಮಾಡಿದಳು. ಕೋಣೆಗೆ ಬಣ್ಣ ಹೊಡೆಯುವವರು ಬಂದಿದ್ದಾರೆ, ತಿಳಿ ಹಸಿರೋ ಕೆನೆ ಬಣ್ಣವೋ ಈಗಲೇ ಹೇಳು ಅಂದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ನಾನು ಪರದೆ ನೋಡುತ್ತಿದ್ದೆ. ಸಹಾಯಕ ಕೊನೆಯದಾಗಿ ಒಂದು ಪ್ರಶ್ನೆ ಕೇಳಿತ್ತು. "ಹಾಳೆಯ ಕೊನೆಯ ಮೂವತ್ತೆಂಟು ಸಾಲುಗಳಲ್ಲಿ ಜವಾಬ್ದಾರರ ಹೆಸರು ಖಾಲಿ ಇದೆ. ಮೇಲಿನ ಸಾಲಿನ ಹೆಸರನ್ನೇ ಕೆಳಗೂ ತುಂಬಿಕೊಳ್ಳಲೇ? ಅಥವಾ ಆ ಸಾಲುಗಳನ್ನು ಬಿಟ್ಟು ಉಳಿದವನ್ನು ತೆರೆಯಲೇ? ಖಚಿತವಿಲ್ಲದಿದ್ದರೆ ಬಿಡುವುದು ಒಳ್ಳೆಯದು."

ವಾರ್ಡಿನ ಗುಮಾಸ್ತರು ಒಬ್ಬರ ಹೆಸರನ್ನು ಮೇಲೊಂದು ಸಲ ಬರೆದು ಕೆಳಗಿನದನ್ನು ಖಾಲಿ ಬಿಡುವುದು ಮಾಮೂಲು. ಇದೂ ಹಾಗೇ ಅಂದುಕೊಂಡೆ. ಮೇಲಿನ ಸಾಲು ಯಾರದೆಂದು ನೋಡಲಿಲ್ಲ. "ತುಂಬಿಕೊ" ಎಂದು ಬರೆದು, ಮಗಳಿಗೆ ಕೆನೆ ಬಣ್ಣವೇ ಇರಲಿ ಅಂದೆ. ಒಂಬತ್ತು ನಿಮಿಷದಲ್ಲಿ ನಾನೂರ ಹನ್ನೊಂದು ಕೆಲಸಗಳು ತೆರೆದವು. ಮುಖ್ಯಾಧಿಕಾರಿಗಳು ಬಂದು ನೋಡಿ ನನ್ನ ಕೈ ಕುಲುಕಿದರು.

ಸೋಮವಾರ ಒಂಬತ್ತೂವರೆಗೆ ಬಾಗಿಲು ತೆಗೆಯುವ ಹೊತ್ತಿಗೆ ದಾಕ್ಷಾಯಿಣಿ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಒಗೆದು ಮಡಿಸಿಟ್ಟಿದ್ದ ನೀಲಿ ಸೀರೆ ಉಟ್ಟಿದ್ದಳು. ಕೈಯಲ್ಲಿ ಚೀಲವಿರಲಿಲ್ಲ. ಅದು ಬಸ್ಸಿನಲ್ಲಿ ಸೇತುವೆ ದಾಟಿ ಹೋಗಿತ್ತು.

"ಪದ್ಮಕ್ಕ, ಮೋರಿ ಕೆಲಸ ಪುಸ್ತಕದಲ್ಲಿ ಸರಿಯಾಗಿ ಮುಗಿಸಿದ್ರಲ್ವಾ?" ಎಂದು ಕೇಳಿದಳು. "ಬೇವಿನ ಮರದ ಕೆಳಗೆ ನಿಂತಿದ್ದೆ ಕಣಕ್ಕ. ಏನೋ ಎಡವಟ್ಟಾಗಿದೆ."

ಪುಸ್ತಕ ತೆರೆದೆ. ಮೋರಿ ಮುಗಿದೇ ಇತ್ತು. ಅದರ ಕೆಳಗೆ ಒಂದರ ಕೆಳಗೊಂದು, ಅವಳ ಹೆಸರು ಮೂವತ್ತೆಂಟು ಸಲ ಇತ್ತು. ಬಿಡು ಎಂದಿದ್ದ ಮೋರಿಯ ಸಾಲಿನಿಂದಲೇ ಹೆಸರು ಕೆಳಗಿಳಿದಿತ್ತು. ಹಳೇ ಕೆರೆಯ ಮೆಟ್ಟಿಲು. ಮುಚ್ಚಿದ ಚಿತ್ರಮಂದಿರದ ಮಾಡು. ಸ್ಮಶಾನದ ದಾರಿಯ ದೀಪ. ಗುಡ್ಡದ ಮೇಲಿನ ನೀರಿನ ತೊಟ್ಟಿ. ಯಾರೂ ಬೇಡವೆಂದು ವರ್ಷಗಟ್ಟಲೆ ಬಿಟ್ಟ ಕೆಲಸಗಳು ಅವು. ಹೆಸರು ಸಿಗದೆ ಇದ್ದದ್ದಕ್ಕೇ ಆ ಜಾಗ ಖಾಲಿ ಇತ್ತು.

ಅವಳು ಒಪ್ಪಿದೆ ಅಂದಿರಲಿಲ್ಲ. ಒಪ್ಪದವರ ಹೆಸರು ಹಿಡಿಯುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಯಾಕೆಂದರೆ ಒಪ್ಪದವರ ಹೆಸರನ್ನು ಯಾರೂ ಯಾವತ್ತೂ ಬರೆದಿರಲಿಲ್ಲ. ಕೇಳಿ ಬರೆಯುವುದು ನಮ್ಮ ಮರ್ಯಾದೆ ಮಾತ್ರ ಆಗಿತ್ತು ಅಂತ ನನಗೆ ಆವತ್ತು ತಿಳಿಯಿತು.

ಏನಾಯಿತೆಂದು ಹೇಳಿದೆ. ಅವಳು ಪರದೆಯನ್ನೇ ನೋಡುತ್ತ ಕೂತಿದ್ದಳು. "ಅಳಿಸಿ ನೋಡ್ತೀನಿ" ಎಂದು ಅವಳಿಗೆ ಹೇಳಿ, ಸಹಾಯಕದಿಂದ ಮೂವತ್ತೆಂಟನ್ನೂ ಅಳಿಸಿಸಿದೆ. ಅವಳು ನಡೆದು ಸೇತುವೆಯವರೆಗೆ ಹೋಗಿ ಬಂದಳು. ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಬಂದವಳ ಮುಖ ನೋಡಿದಾಗ ಕೇಳಬೇಕಾಗಲಿಲ್ಲ. ಅಳಿಸಿದ್ದರಿಂದ ಪುಸ್ತಕ ಖಾಲಿಯಾಗಿತ್ತು, ದಾರಿ ಬಿಟ್ಟಿರಲಿಲ್ಲ.

ಅವಳು ನೀರು ಕುಡಿಯಲು ಹೊರಗೆ ಹೋದಾಗ ಸಹಾಯಕವನ್ನು ಕೇಳಿದೆ, ಇವಳನ್ನು ಬಿಡಿಸಲು ಏನು ದಾರಿ? ಅದು ಮೊದಲು ಕ್ಷಮೆ ಕೇಳಿತು. ಬಿಟ್ಟ ಸಾಲಿನ ಹೆಸರೇ ಕೆಳಗೆ ಬರುತ್ತದೆ ಎಂಬುದನ್ನು ತಾನು ಬಿಡಿಸಿ ಹೇಳಬೇಕಿತ್ತು ಎಂದಿತು. ಆಮೇಲೆ ಊರಿನ ನಕ್ಷೆ ಹಾಕಿ ತೋರಿಸಿತು. "ಒಬ್ಬರೇ ಮೂವತ್ತೆಂಟನ್ನೂ ತೆಗೆದುಕೊಳ್ಳುವುದಾದರೆ, ಗುಡ್ಡದ ತೊಟ್ಟಿಯಿಂದ ಶುರುಮಾಡಿ ಹಳೇ ಕೆರೆಯಲ್ಲಿ ಮುಗಿಸುವಂತೆ ನಡೆದರೆ ಮೂರು ದಿನ ಸಾಕು. ಗುರುವಾರ ಬೆಳಗ್ಗೆ ಅವರು ಹೊರಡಬಹುದು."

ಒಬ್ಬರೇ ಎಂದರೆ ಯಾರು ಎಂದು ಅದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನಿವೃತ್ತಿಗೆ ಹದಿನೆಂಟು ದಿನ ಉಳಿದಿತ್ತು. ಆ ಮೂವತ್ತೆಂಟು ಕೆಲಸಗಳನ್ನು ಹೆಸರಿಗೆ ಹಾಕಿಕೊಂಡರೆ ಕೆರೆಯ ಮೆಟ್ಟಿಲಿಗೇ ಒಂದು ವರ್ಷ. ಎಲ್ಲ ಮುಗಿಯುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಕೆನೆ ಬಣ್ಣದ ಕೋಣೆ ಕಣ್ಣ ಮುಂದೆ ಬಂತು. ಇನ್ನೊಂದು ದಾರಿ ಇದ್ದೇ ಇರುತ್ತದೆ ಅಂದುಕೊಂಡೆ. ಮೂವತ್ತೆಂಟು ಜನ ಒಂದೊಂದು ತೆಗೆದುಕೊಂಡರೆ? ಸಹಾಯಕ ಅದಕ್ಕೂ ಸಿದ್ಧ. ಯಾರ ಹೆಸರು ತೆರವಾಗಿದೆ ಎಂದು ಹುಡುಕಿ, ಮೂವತ್ತೆಂಟು ಜನರಿಗೆ ಮೂವತ್ತೆಂಟು ಕಾಗದ ಬರೆದುಕೊಟ್ಟಿತು. ಕೆಳಗೆ, ಇದಕ್ಕೆ ಎಷ್ಟು ದಿನ ಬೇಕೆಂದು ಅಂದಾಜು ಹೇಳಲಾಗದು ಎಂದೂ ಸೇರಿಸಿತ್ತು. ಆ ಸಾಲು ಓದಿ, ಮೊದಲಿನ ಉತ್ತರವಿದ್ದ ಕಿಟಕಿ ಮುಚ್ಚಿಬಿಟ್ಟೆ.

ದಾಕ್ಷಾಯಿಣಿ ಒಳಗೆ ಬಂದಳು. "ದಾರಿ ಹುಡುಕ್ತಿದೀನಿ ಕಣೆ. ಎರಡು ದಿನ ಕೊಡು," ಅಂದೆ.

ಅವಳು ನನ್ನ ಮುಖ ನೋಡಿದಳು. "ಸರಿ ಅಕ್ಕ," ಅಂದಳು.

ಕೆಲಸ ತೆಗೆದುಕೋ ಎಂದು ಕೇಳಬಾರದೆಂಬ ನಮ್ಮ ಊರಿನಲ್ಲಿ ಮೂವತ್ತೆಂಟು ಜನರನ್ನು ಕಾಗದ ಬರೆದು ಕೇಳಿದವಳು ನಾನು. ಯಾರೂ ಸಿಟ್ಟಾಗಲಿಲ್ಲ. ದರ್ಜಿ ಇಮಾಮುದ್ದೀನ್ ಆ ದಿನವೇ ಬಂದು ಸ್ಮಶಾನದ ದೀಪ ತೆಗೆದುಕೊಂಡರು. "ನಾನು ಎಲ್ಲಿಗೆ ಹೋಗ್ಬೇಕು ಹೇಳಿ. ಆ ದಾರೀಲಿ ಹೋಗೋದು ಒಂದೇ ಸಲ," ಎಂದು ನಕ್ಕರು. ಹೂ ಮಾರುವ ತಿಮ್ಮಕ್ಕ ಸಂತೆಯ ನೆರಳು ಚಪ್ಪರ ತೆಗೆದುಕೊಂಡಳು. ಮನೆಮನೆಗೆ ಹೋದಾಗ ಉಳಿದವರಲ್ಲಿ ಹೆಚ್ಚಿನವರು ಬಾಗಿಲವರೆಗೂ ಬಂದು ಮಾತಾಡಿಸಿದರು, ಅಷ್ಟೇ. ಒಬ್ಬರ ತಂಗಿಯ ಮದುವೆ ಆಚೆ ಊರಲ್ಲಿ. ಇನ್ನೊಬ್ಬರಿಗೆ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕು. ಎಣ್ಣೆ ಗಾಣದ ವೀರಭದ್ರಪ್ಪನವರು, "ನಿಮ್ಮ ಹೆಸರು ಈ ತಿಂಗಳು ತೆರವಾಗ್ತದೆ ಅಲ್ವಾ ಪದ್ಮಮ್ಮ?" ಎಂದು ಕೇಳಿದರು. ಹೌದು ಎಂದೆ. ಅವರು ಮಜ್ಜಿಗೆ ಕೊಡಿಸಿದರು.

ಮುಖ್ಯಾಧಿಕಾರಿಗಳ ಹತ್ತಿರ ಹೋದೆ. "ಕಣ್ತಪ್ಪು ಅಂತ ಒಂದು ಪತ್ರ ಮಾಡಿ, ಸೀಲು ಹಾಕಿ ಕೊಡ್ತೀನಿ," ಅಂದರು. ದಾಕ್ಷಾಯಿಣಿ ಆ ಪತ್ರವನ್ನು ಮಡಿಸಿ ಕುಬುಸದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಪತ್ರವೂ ಅವಳ ಜೊತೆಯಲ್ಲೇ ಬೇವಿನ ಮರದ ಕೆಳಗೆ ಉಳಿಯಿತು.

ಎಂಟನೆಯ ದಿನ ಉಮಾದೇವಿ ಕಚೇರಿಗೆ ಫೋನ್ ಮಾಡಿದಳು. ಅಷ್ಟರಲ್ಲಿ ಏಳು ಕೆಲಸಗಳು ಹೋಗಿದ್ದವು. ಜನರ ಒಳ್ಳೆಯತನ ಅಲ್ಲಿಗೆ ನಿಂತಿತ್ತು. ದಾಕ್ಷಾಯಿಣಿಯನ್ನು ಕರೆಸಿ ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅವಳಿಗೆ ಫೋನ್ ಹಿಡಿಯುವುದು ಅಷ್ಟು ಅಭ್ಯಾಸವಿಲ್ಲದ್ದರಿಂದ ಧ್ವನಿ ಜೋರಾಗಿಟ್ಟು ಮೇಜಿನ ಮೇಲಿಟ್ಟಿದ್ದೆ. ಆಚೆಯಿಂದ ಚೆನ್ನಾಜಮ್ಮನ ಉಸಿರಾಟ ಕೇಳುತ್ತಿತ್ತು. ಇವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಗುಡ್ಡದ ಮೇಲೆ ನೀರಿನ ತೊಟ್ಟಿ ಒಂದಿದೆ ಕಣೆ," ಎಂದು ಶುರುಮಾಡಿದಳು. "ಸುತ್ತ ಬಿರುಕು. ಚಿತ್ರಮಂದಿರದ ಮಾಡು ಕುಸಿದಿದೆ. ಕೆರೆ ಮೆಟ್ಟಿಲು ನೂರ ನಾಲ್ಕು, ಅದ್ರಲ್ಲಿ ಅರ್ಧ ಕಿತ್ತು ಕೂರಿಸ್ಬೇಕು. ನಾನು ಒಪ್ಪಿದ್ದಲ್ಲ ಅಕ್ಕ. ಹೆಂಗೋ ಬಂದು ಬಿತ್ತು."

"ಎಷ್ಟವೆ?" ಎಂದು ಕೇಳಿತು ಆಚೆಯ ದನಿ.

"ಮೂವತ್ತೊಂದು."

ಚೆನ್ನಾಜಮ್ಮ, "ಮದುವೆ ಸಲ ನಾಲ್ಕೇ ಇದ್ವಲ್ಲೇ," ಅಂದಳು. ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. "ನಾಲ್ಕಕ್ಕೇ ಅಷ್ಟು ಬೈದಿದ್ದೆ ನಿನ್ನ."

"ಈಗ್ಲೂ ಬೈ. ಬರ್ತೀನಿ. ದಾರಿ ಬಿಟ್ಟ ತಕ್ಷಣ ಬಂದ್ಬಿಡ್ತೀನಿ."

"ಬಾ," ಅಂದಳು ಅಕ್ಕ. ಉಮಾದೇವಿ ಫೋನ್ ತೆಗೆದುಕೊಂಡು, ಅವ್ವನಿಗೆ ಆಯಾಸವಾಗ್ತಿದೆ ಎಂದಳು.

ನಾನು ಕಿಟಕಿಯ ಹತ್ತಿರ ನಿಂತು ಇದನ್ನೆಲ್ಲ ಕೇಳಿಸಿಕೊಂಡೆ. ನಾಳೆ ಬೆಳಗ್ಗೆ ಎಲ್ಲವನ್ನೂ ತೆಗೆದುಕೊಂಡುಬಿಡುತ್ತೇನೆ ಎಂದು ಆಗಲೇ ಗಟ್ಟಿ ಮಾಡಿಕೊಂಡೆ. ಮರುದಿನ ದಾಕ್ಷಾಯಿಣಿಯನ್ನು ಕರೆದುಕೊಂಡು ಗುಡ್ಡಕ್ಕೆ ಹೋದೆ. ಯಾಕೆಂದು ಅವಳು ಕೇಳಲಿಲ್ಲ. ಬಿರುಕು ಬಿಟ್ಟ ತೊಟ್ಟಿಯ ಹತ್ತಿರ ನಿಂತೆವು. ಅಲ್ಲಿಂದ ನದಿ ಕಾಣುತ್ತದೆ. ನದಿಯಾಚೆಯ ರಸ್ತೆ, ರಸ್ತೆಯಲ್ಲಿ ಹೋಗುವ ಲಾರಿಗಳು, ಇನ್ನೂ ಆಚೆ ಮಗಳ ಪಟ್ಟಣದ ನೀರಿನ ಗೋಪುರ ಎಲ್ಲ ಕಾಣುತ್ತವೆ. ನಾನು ಬಾಯಿ ತೆರೆದೆ. "ಇದಕ್ಕೆ ಸಿಮೆಂಟು ಎಷ್ಟು ಬೇಕಾಗ್ಬಹುದು?" ಎಂದು ಕೇಳಿದೆ.

ದಾಕ್ಷಾಯಿಣಿ ಬಿರುಕಿನ ಮೇಲೆ ಕೈಯಾಡಿಸಿ, "ಎಂಟು ಚೀಲ," ಅಂದಳು. ಗುಡ್ಡ ಇಳಿದು ಬಂದೆವು. ದಾರಿಯಲ್ಲಿ ಮುಖ್ಯಾಧಿಕಾರಿಗಳು ಇನ್ನೇನೋ ಯೋಚನೆ ಮಾಡ್ತಿದಾರಂತೆ ಎಂದು ಸುಳ್ಳು ಹೇಳಿದೆ.

ಬುಧವಾರ ಬೆಳಗ್ಗೆ ಚೆನ್ನಾಜಮ್ಮ ತೀರಿಕೊಂಡಳು. ಹತ್ತನೆಯ ದಿನ. ಸುದ್ದಿ ಬಂದದ್ದು ಕಚೇರಿಯ ಫೋನಿಗೇ ಆದ್ದರಿಂದ ಹೇಳಬೇಕಾದವಳು ನಾನೇ. ಹೋದಾಗ ದಾಕ್ಷಾಯಿಣಿ ಮನೆಯ ಮುಂದೆ ಉಳಿ ಮಸೆಯುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಮಸೆಯುವುದನ್ನು ನಿಲ್ಲಿಸಿ, ಉಳಿಯನ್ನು ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡಳು. ನಾನು ಹೇಳಿದೆ. ಅವಳು ಅತ್ತದ್ದು ಕಡಿಮೆ. "ಎಷ್ಟು ಹೊತ್ತಿಗೆ?" ಎಂದು ಮಾತ್ರ ಕೇಳಿದಳು. ಆರೂವರೆಗೆ ಎಂದೆ. "ಮೊದಲನೇ ಬಸ್ಸು ಏಳಕ್ಕೆ," ಅಂದಳು.

ಅಲ್ಲಿಯೇ ನನ್ನ ಬಾಯಿಂದ ಮಾತು ಬಂತು. "ಎಲ್ಲಾನೂ ನಾನು ತಗೋತೀನಿ ದಾಕ್ಷಾಯಿಣಿ. ಈಗಲೇ ನಡಿ."

"ಈಗ ಯಾಕಕ್ಕ?" ಅಂದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಯಾಕೆ ಎಂದು ಕೇಳಿದಳು. ಆಮೇಲೆ ತಾನೇ ಯೋಚಿಸಿ, "ಹನ್ನೊಂದನೇ ದಿನದ ತಿಥಿಗಾದ್ರೂ ಹೋಗ್ಬೇಕು. ಉಮಾ ಒಬ್ಳೇ," ಎಂದು ಎದ್ದಳು.

ನಡೆದೆವು. ಗುಡ್ಡದ ತೊಟ್ಟಿಯಿಂದಲೇ ಶುರುಮಾಡಿದೆವು, ಸಹಾಯಕ ಹೇಳಿದ್ದ ದಾರಿಯಲ್ಲೇ. ಒಂದೊಂದು ಜಾಗದಲ್ಲೂ ನಿಂತು ನಾನು "ಇದು ನನಗಿರಲಿ" ಎನ್ನುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು. ಮಧ್ಯಾಹ್ನ ಒಂದು ಮರದ ಕೆಳಗೆ ಬುತ್ತಿ ಬಿಚ್ಚಿ ಇಬ್ಬರೂ ಉಂಡೆವು. ಅವಳು ನನಗೆ ಉಪ್ಪಿನಕಾಯಿ ಬಡಿಸಿದಳು. ಎರಡನೆಯ ದಿನದ ಸಂಜೆಗೆ ಇಪ್ಪತ್ತಾರು. ಮೂರನೆಯ ದಿನ ಮಧ್ಯಾಹ್ನ ಹನ್ನೆರಡು ಗಂಟೆಗೆ ಹಳೇ ಕೆರೆಯ ಮೆಟ್ಟಿಲ ಮೇಲೆ ಕೊನೆಯದನ್ನು ಹೇಳಿದೆ. ದಾಕ್ಷಾಯಿಣಿ ಕೆರೆಗಿಳಿದು ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಮೇಲೆ ಬಂದಳು.

"ಎರಡೂವರೆ ದಿನ ಆಯ್ತು," ಅಂದಳು.

ಎರಡು ಗಂಟೆಯ ಬಸ್ಸಿಗೆ ಅವಳನ್ನು ಹತ್ತಿಸಿದೆ. ಕಂಡಕ್ಟರ್ ಕೇಳಿದ, ಅವಳು ತೆರವಾಗಿದೆ ಎಂದಳು. ನಾನು ಬೇವಿನ ಮರದವರೆಗೆ ಹೋಗಿ ನಿಂತು ನೋಡಿದೆ. ಬಸ್ಸು ಸೇತುವೆ ದಾಟಿತು. ಮರದ ಕೆಳಗೆ ನನ್ನ ಹೊರತು ಯಾರೂ ಇರಲಿಲ್ಲ.

ಆ ಸಂಜೆ ಸುಮಂಗಲಾಳಿಗೆ ಫೋನ್ ಮಾಡಿ ಹೇಳಿದೆ. "ಮೊದಲೇ ಮಾಡ್ಬಹುದಿತ್ತಲ್ಲಮ್ಮ," ಅಂದಳು. ನಿವೃತ್ತಿಯ ದಿನ ಬೇರೊಬ್ಬರು ನನ್ನ ಜೊತೆ ಪುಸ್ತಕದ ಮುಂದೆ ನಿಂತು "ಇದು ನನಗಿರಲಿ" ಅಂದರು, ನನ್ನ ಹೆಸರು ತೆಗೆದು ಅವರದ್ದು ಬರೆದರು. ಹಾರ ಹಾಕಿದರು. ಸಹಾಯಕ ಈಗ ಹೆಸರು ಖಾಲಿ ಇದ್ದ ಸಾಲನ್ನು ತೆರೆಯುವುದೇ ಇಲ್ಲ. ಹಾಗೆ ಮಾಡಬೇಕೆಂದು ಕೊನೆಯ ವಾರದಲ್ಲಿ ನಾನೇ ಬರೆದಿಟ್ಟು ಬಂದೆ. ಹೆಸರಿದ್ದವರನ್ನೂ ಮನೆಗೆ ಹೋಗಿ ಕೇಳಿ ಎಂದೂ ಬರೆದಿದ್ದೆ. ಅದನ್ನು ಪಾಲಿಸುತ್ತಾರೋ ಇಲ್ಲವೋ ತಿಳಿಯದು.

ಕೆರೆಯ ಮೆಟ್ಟಿಲಿನಿಂದ ಶುರುಮಾಡಿದೆ. ಇಬ್ಬರು ಕೂಲಿಯವರು ಬರುತ್ತಾರೆ, ನಾನೂ ಕೈಲಾದಷ್ಟು ಹಿಡಿಯುತ್ತೇನೆ. ಅರವತ್ತರ ಕೈಗೆ ಕಲ್ಲಿನ ಕೆಲಸ ಬೇಗ ಒಗ್ಗುವುದಿಲ್ಲ. ಒಂದು ತಿಂಗಳು ಕಳೆದಿರಬೇಕು, ಒಂದು ಬೆಳಗ್ಗೆ ದಾಕ್ಷಾಯಿಣಿ ಕೆರೆಯ ದಂಡೆಯ ಮೇಲೆ ಬಂದು ನಿಂತಿದ್ದಳು. ಊರಿಗೆ ಮರಳಿ ಎರಡು ದಿನವಾಗಿತ್ತಂತೆ. ನಾನು ಕೂರಿಸಿದ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಕಾಲಿಟ್ಟು ಇಳಿದು ಬಂದಳು. ಹದಿನಾಲ್ಕನೆಯದರ ಮೇಲೆ ನಿಂತು ಹಿಂದೆ ಮುಂದೆ ತೂಗಿ ನೋಡಿ, "ಇದನ್ನ ಕೀಳ್ಬೇಕು," ಅಂದಳು.

ಕಿತ್ತೆವು. ಅವಳು ಅಡಿಯ ಮಣ್ಣನ್ನು ಕೆರೆದು, ಜಲ್ಲಿ ತುಂಬಿಸಿ, ಕಲ್ಲನ್ನು ಅಂಗೈಯಿಂದ ಸವರಿ, ಯಾವ ಮುಖ ಮೇಲೆ ಬರಬೇಕೆಂದು ನೋಡಿದಳು. ನಾನು ಆಚೆ ತುದಿ ಹಿಡಿದುಕೊಂಡಿದ್ದೆ. ಉಮಾದೇವಿ ಹೇಗಿದ್ದಾಳೆ ಎಂದು ಕೇಳಿದೆ. ಚೆನ್ನಾಗಿದಾಳೆ ಎಂದಳು. ಕಲ್ಲು ಕೂತ ಮೇಲೆ ಇಬ್ಬರೂ ಮೇಲಿನ ಮೆಟ್ಟಿಲಲ್ಲಿ ಕೂತು ನೀರು ಕುಡಿದೆವು. ಆಗ ನಾನು ಹೇಳಿದೆ. ಹೇಳದೆ ಇರಲು ಆಗಲಿಲ್ಲ.

"ಮೂರು ದಿನ ಸಾಕು ಅಂತ ನಂಗೆ ಮೊದಲನೇ ದಿನವೇ ಗೊತ್ತಿತ್ತು ದಾಕ್ಷಾಯಿಣಿ. ಆ ಯಂತ್ರ ಹೇಳಿತ್ತು. ನೀನು ನೀರು ಕುಡಿಯೋಕೆ ಹೋಗಿದ್ದಾಗ. ನಾನು ಕಿಟಕಿ ಮುಚ್ಚಿಬಿಟ್ಟೆ."

ಅವಳು ಕೆರೆಯ ಕಡೆ ನೋಡುತ್ತಿದ್ದಳು. "ಗೊತ್ತಿತ್ತು," ಅಂದಳು.

"ಏನು ಗೊತ್ತಿತ್ತು?"

"ಈ ಊರಲ್ಲಿ ಎಲ್ಲಿಂದೆಲ್ಲಿಗೆ ಎಷ್ಟು ನಡಿಗೆ ಅಂತ ಮೇಸ್ತ್ರಿಗೆ ಗೊತ್ತಿರಲ್ವಾ? ಬೇವಿನ ಮರದಿಂದ ಎರಡನೇ ಸಲ ವಾಪಸ್ ಬರ್ತಾ ಲೆಕ್ಕ ಹಾಕ್ಕೊಂಡೇ ಬಂದಿದ್ದೆ. ಮೂರು ದಿನ." ಲೋಟ ಕೆಳಗಿಟ್ಟು, "ಗುಡ್ಡದ ಮೇಲೆ ಹೇಳ್ತೀರಿ ಅಂದ್ಕೊಂಡಿದ್ದೆ," ಅಂದಳು.

"ಕೇಳಬಾರದಿತ್ತೇನೇ ನನ್ನ? ಬಾಯಿಬಿಟ್ಟು ಒಂದು ಮಾತು?"

"ಕೇಳಿ ತಗೊಳ್ಳೋದಲ್ಲ ಅದು ಮೇಡಂ," ಎಂದಳು.

ಅಲ್ಲಿಯವರೆಗೆ ಅವಳು ಒಮ್ಮೆಯೂ ನನ್ನನ್ನು ಹಾಗೆ ಕರೆದಿರಲಿಲ್ಲ. ಸಿಟ್ಟಿನಿಂದ ಕರೆದದ್ದೂ ಅಲ್ಲ. ಕಚೇರಿಗೆ ಬರುವ ಅಪರಿಚಿತರು ಎಷ್ಟು ಮರ್ಯಾದೆಯಿಂದ ಕರೆಯುತ್ತಾರೋ ಅಷ್ಟೇ ಮರ್ಯಾದೆಯಿಂದ ಕರೆದಳು. ಲೋಟವನ್ನು ತೊಳೆದು ಬೋರಲು ಹಾಕಿ, ಕರಣೆಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲು ಹತ್ತಿ ದಂಡೆಯ ಮೇಲೆ ಹೋದ ಮೇಲೆ ತಿರುಗಿ, ನಾಳೆಯವರೆಗೆ ಅದರ ಮೇಲೆ ಯಾರೂ ಕಾಲಿಡದ ಹಾಗೆ ನೋಡಿಕೊಳ್ಳಿ ಎಂದು ಹೇಳಿ ಹೋದಳು. ಸಂಜೆಯವರೆಗೂ ನಾನು ಆ ಕಲ್ಲಿನ ಪಕ್ಕದಲ್ಲೇ ಕೂತಿದ್ದೆ. ನೀರಿಗೆ ಬಂದವರಿಗೆಲ್ಲ ಆಚೆಯಿಂದ ಇಳಿಯಿರಿ, ಆಚೆಯಿಂದ ಇಳಿಯಿರಿ ಎಂದು ಹೇಳುತ್ತಿದ್ದೆ.